೧೯೧೦ರ ಮಹಾದಾವಾನಲವೂ ಅದರಿಂದ ಹುಟ್ಟಿದ ಅರಣ್ಯನೀತಿಯೂ

ಖಾಂಡವದಹನದ ಕಥೆಯನ್ನು ಪಂಪಭಾರತದ ವಾಚಕರೆಲ್ಲರೂ ಬಲ್ಲರು. ಅಲ್ಲಿ ವೀರರು ಅಗ್ನಿಗೆ ಕಾವಲಾಗಿ ನಿಂತು ಇಂದ್ರನ ಮಳೆಯನ್ನು ತಡೆದರು. ಪ್ರಕೃತ ಲೇಖನದ ವಸ್ತು ಇದಕ್ಕೆ ವಿಪರೀತವಾದುದು. ಇಲ್ಲಿ ಸಾವಿರಾರು ಮಂದಿ ಅಗ್ನಿಯನ್ನೇ ತಡೆಯಲು ನಿಂತರು. ಮಳೆಯೊಂದು ಮಾತ್ರ ಕಾಲಕ್ಕೆ ಬಾರದೆ ಹೋಯಿತು.

ಅಮೆರಿಕದ ಸಂಯುಕ್ತ ಸಂಸ್ಥಾನಗಳ ವಾಯವ್ಯ ಭಾಗದಲ್ಲಿ, ಐಡಾಹೊ ಮತ್ತು ಮೊಂಟಾನ ಸೀಮೆಗಳ ಗಡಿಯಲ್ಲಿ, ಬಿಟರ್‌ರೂಟ್ ಪರ್ವತಶ್ರೇಣಿಯಿದೆ. ೧೯೧೦ರಲ್ಲಿ ಅಲ್ಲಿ ಹಿಮವು ಬೇಗನೆ ಕರಗಿತು. ವಸಂತದ ಮಳೆಯೂ ಬೇಸಗೆಯ ಮಳೆಯೂ ಕೈಕೊಟ್ಟುವು. ಸಿಡಿಲಿನಿಂದಲೂ ರೈಲುಬಂಡಿಗಳ ಕಿಡಿಗಳಿಂದಲೂ ಒಕ್ಕಲಿಗರ ಅಜಾಗ್ರತೆಯಿಂದಲೂ ಆಗಸ್ಟ್ ನಡುವಿನ ವೇಳೆಗೆ ಸಾವಿರಕ್ಕೂ ಹೆಚ್ಚು ಕಡೆಗಳಲ್ಲಿ ಬೆಂಕಿ ಉರಿಯುತ್ತಿದ್ದಿತು. ೧೯೦೫ರಲ್ಲಿ ಹುಟ್ಟಿದ ಅರಣ್ಯ ಇಲಾಖೆಯಲ್ಲಿ ಜನವೂ ಧನವೂ ಅಲ್ಪವಾಗಿದ್ದುವು. ಗಣಿಯಾಳುಗಳನ್ನೂ ಮರಕಡಿಯುವವರನ್ನೂ ಅಲೆಮಾರಿ ಕೂಲಿಗಳನ್ನೂ ಸೇರಿಸಿಕೊಂಡದ್ದಾಯಿತು. ಅಧ್ಯಕ್ಷ ಟಾಫ್ಟನು ಸೈನ್ಯವನ್ನೂ ಕಳುಹಿಸಿದನು. ಅದರಲ್ಲಿ ಕರಿಯ ಸೈನಿಕರ ಇಪ್ಪತ್ತೈದನೆಯ ಪದಾತಿದಳವೂ ಇದ್ದಿತು.

ಇವರು ಅನುಸರಿಸಿದ ಕ್ರಮವು ಸರಳವಾದುದು. ಬೆಂಕಿಯ ಹಾದಿಗೆ ಅಡ್ಡವಾಗಿ ಮರ, ಪೊದೆ, ತರಗುಗಳನ್ನು ತೆಗೆದುಹಾಕಿ ಬರಿಮಣ್ಣಿನ ಪಟ್ಟಿಯೊಂದನ್ನು ಬಿಡಿಸುವುದು. ಉಣಲಿಲ್ಲದ ಅಗ್ನಿ ಅಲ್ಲಿ ತಾನಾಗಿ ನಂದುವುದು. ಗಾಳಿ ಶಾಂತವಾಗಿರುವವರೆಗೆ ಈ ಉಪಾಯವು ಫಲಿಸುತ್ತದೆ. ಆದರೆ ಆಗಸ್ಟ್ ೨೦ರಂದು ಚಂಡಮಾರುತಕ್ಕೆ ಸಮನಾದ ಗಾಳಿ ಬೀಸಿ, ಬಿಡಿಬಿಡಿಯಾಗಿದ್ದ ಬೆಂಕಿಗಳನ್ನೆಲ್ಲ ಒಂದುಗೂಡಿಸಿತು. ಕಿಡಿಗಳು ಮರದ ತುದಿಗಳ ಮೇಲೆಯೇ ಹಾರಿದುವು. ಮಣ್ಣಿನ ಪಟ್ಟಿಗಳು ನಿರರ್ಥಕವಾದುವು. ಎರಡು ದಿನಗಳಲ್ಲಿ ಸುಮಾರು ಮೂವತ್ತು ಲಕ್ಷ ಎಕರೆ ಭೂಮಿ ಸುಟ್ಟುಹೋಯಿತು. ವಾಲೇಸ್ ಪಟ್ಟಣದ ಮೂರರಲ್ಲೊಂದು ಪಾಲು ಬೂದಿಯಾಯಿತು. ಸತ್ತವರ ಸಂಖ್ಯೆ ಸುಮಾರು ಎಂಬತ್ತೈದು; ಅವರಲ್ಲಿ ಬಹುಮಂದಿ ಬೆಂಕಿಯನ್ನು ಆರಿಸಲು ಹೋದವರೇ.

ವಾಲೇಸಿನ ಬಳಿ ಎಡ್ ಪುಲಾಸ್ಕಿಯೆಂಬ ಅರಣ್ಯಾಧಿಕಾರಿಯು ಸುಮಾರು ನಾಲ್ವತ್ತೈದು ಆಳುಗಳನ್ನು ಹಳೆಯ ಗಣಿಯೊಂದರ ಸುರಂಗಕ್ಕೆ ಹೊಗಿಸಿದನು. ದ್ವಾರಕ್ಕೆ ಒದ್ದೆ ಕಂಬಳಿಗಳನ್ನು ಕಟ್ಟಿ, ಹೊರಗೆ ಓಡುವವರನ್ನು ಗುಂಡಿಟ್ಟು ಕೊಲ್ಲುವೆನೆಂದು ಗದರಿಸಿ ತಡೆದನು. ಐವರು ಸುರಂಗದಲ್ಲಿ ಮಡಿದರು, ಉಳಿದವರು ಬದುಕಿದರು. ಕೊಡಲಿಯೂ ಗುದ್ದಲಿಯೂ ಒಂದಾಗಿರುವ, ಅವನ ಹೆಸರನ್ನೇ ಹೊತ್ತ ಆಯುಧವನ್ನು ಅಗ್ನಿಶಾಮಕರು ಇಂದಿಗೂ ಹಿಡಿಯುತ್ತಾರೆ.

ಅಗ್ನಿಯನ್ನು ಕೊನೆಗೆ ಅಡಗಿಸಿದುದು ಆ ತಿಂಗಳ ಕೊನೆಗೆ ಬಂದ ಮಳೆ, ಹಿಮಗಳೇ ಹೊರತು ಮನುಷ್ಯಪ್ರಯತ್ನವಲ್ಲ. ಆದರೆ ಇಲಾಖೆಯು ಕಲಿತ ಪಾಠವು ಬೇರೆ: ಜನವೂ ಹಣವೂ ಸಾಕಷ್ಟಿದ್ದಿದ್ದರೆ ತಾವು ಗೆಲ್ಲುತ್ತಿದ್ದೆವೆಂದು ಅಧಿಕಾರಿಗಳು ನಂಬಿದರು. ಆ ಬೇಸಗೆಯಲ್ಲಿ ಅದೇ ಪ್ರಾಂತದ ಅಧಿಕಾರಿಗಳಾಗಿದ್ದ ಗ್ರೀಲಿ, ಸಿಲ್‌ಕಾಕ್ಸ್ ಇಬ್ಬರೂ ಮುಂದೆ ಇಲಾಖೆಯ ಮುಖ್ಯಸ್ಥರಾದರು. ಕಂಡ ಬೆಂಕಿಯನ್ನೆಲ್ಲ ಮರುದಿನ ಬೆಳಗ್ಗೆ ಹತ್ತು ಗಂಟೆಯೊಳಗೆ ಅಡಗಿಸಬೇಕೆಂಬ ನಿಯಮವನ್ನು ಸಿಲ್‌ಕಾಕ್ಸನು ೧೯೩೫ರಲ್ಲಿ ತಂದನು. ಸಣ್ಣ ಬೆಂಕಿಯಿಂದ ದೊಡ್ಡ ಬೆಂಕಿಯನ್ನು ತಪ್ಪಿಸುವ ಮೂಲನಿವಾಸಿಗಳ ಪದ್ಧತಿಯು ‘ಪಯೂಟರ ಅರಣ್ಯಶಾಸ್ತ್ರ’ವೆಂಬ ಪರಿಹಾಸ್ಯಕ್ಕೆ ಗುರಿಯಾಯಿತು. ಆರದ ಬೆಂಕಿಯಿಲ್ಲದ ಕಾಡಿನಲ್ಲಿ ತರಗೂ ಪೊದೆಯೂ ವರ್ಷವರ್ಷಕ್ಕೆ ಕೂಡುತ್ತ ಹೋದುವು. ೧೯೭೮ರಲ್ಲಿ ಇಲಾಖೆಯು ತಾನೇ ಈ ನೀತಿಯನ್ನು ಕೈಬಿಟ್ಟಿತು.

ಈ ಚರಿತ್ರೆಯು ನಮಗೆ ಹೊರಗಿನದಲ್ಲ. ಆ ಇಲಾಖೆಯ ಮೊದಲ ಮುಖ್ಯಸ್ಥ ಗಿಫರ್ಡ್ ಪಿಂಚೊಟನಿಗೆ ಮಾರ್ಗದರ್ಶಕನಾಗಿದ್ದವನು ೧೮೬೪ರಲ್ಲಿ ಭಾರತದ ಅರಣ್ಯಗಳ ಪ್ರಥಮ ಮಹಾಧಿಕಾರಿಯಾದ ಡೀಟ್ರಿಚ್ ಬ್ರಾಂಡಿಸನು. ಅವನ ಕಾಲದಲ್ಲಿಯೇ ಮಧ್ಯಪ್ರಾಂತಗಳ ಬೋರಿ ಅರಣ್ಯದಲ್ಲಿ ಬೆಂಕಿಯನ್ನು ಹೊರಗಿಡುವ ಪ್ರಯೋಗ ನಡೆದಿದ್ದಿತು. ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬೇಸಗೆಯ ಮೊದಲಲ್ಲಿ ‘ತರಗು ಬೆಂಕಿ’ಯನ್ನು ಇಡುತ್ತಿದ್ದರು. ೧೯೭೪ರಲ್ಲಿ ಅದು ಅಭಯಾರಣ್ಯವಾದ ಮೇಲೆ ಈ ವಾಡಿಕೆಯು ನಿಂತಿತು. ಲಂಟಾನ ಹಬ್ಬಿದುದಕ್ಕೂ ನೆಲ್ಲಿಮರಗಳಲ್ಲಿ ಬದನಿಕೆ ಹೆಚ್ಚಿದುದಕ್ಕೂ ಇದೇ ಕಾರಣವೆಂಬುದು ಅವರ ಅಭಿಪ್ರಾಯ. ೨೦೧೯ರ ಫೆಬ್ರವರಿಯಲ್ಲಿ ಬಂಡೀಪುರದ ಒಣಗಿದ ಲಂಟಾನಕ್ಕೆ ಬೆಂಕಿ ಬಿದ್ದಾಗ ಹತ್ತು ಸಾವಿರ ಎಕರೆಗೂ ಹೆಚ್ಚು ಕಾಡು ಸುಟ್ಟಿತು. ವಾಯುಸೇನೆಯ ಹೆಲಿಕಾಪ್ಟರುಗಳು ನೀರನ್ನು ಸುರಿಯಬೇಕಾಯಿತು.

ಪುಲಾಸ್ಕಿಯ ಧೈರ್ಯವನ್ನು ಕಡಮೆಮಾಡಿ ಹೇಳುವುದು ಈ ಲೇಖನದ ಉದ್ದೇಶವಲ್ಲ. ಸಮರಕ್ಕೆ ಇಳಿದವರ ಶೌರ್ಯವೊಂದು, ಆ ಸಮರವನ್ನು ಸಾರಿದ ನೀತಿಯ ವಿವೇಕವೊಂದು. ಒಂದನ್ನು ಕೊಂಡಾಡುವ ಭರದಲ್ಲಿ ಮತ್ತೊಂದನ್ನು ಒಪ್ಪಿಬಿಡಬಾರದು. ಬರಗಾಲದ ಬೆಂಕಿಯನ್ನು ತಡೆಯಬೇಕಾದುದು ಬರಗಾಲದಲ್ಲಲ್ಲ. ಅದಕ್ಕೆ ಹಿಂದಿನ ಒಳ್ಳೆಯ ವರ್ಷಗಳಲ್ಲಿ, ಕಾಡಿನಲ್ಲಿ ಬಾಳಿದವರ ಅನುಭವವನ್ನು ಕೇಳಿಕೊಂಡು. ಆ ಸುರಂಗದಲ್ಲಿ ಮಡಿದ ಐವರು ನಮಗೆ ಬಿಟ್ಟುಹೋಗಿರುವ ಪಾಠವು ಇದೇ ಎಂದು ತೋರುತ್ತದೆ.