ಹಕೀಮ ನಂಜುಂಡನಿಂದ ಆಯುಷ್ ವೀಸಾದವರೆಗೆ

ಮೈಸೂರಿನ ದಕ್ಷಿಣಕ್ಕೆ ಕಪಿಲೆಯ ದಡದಲ್ಲಿರುವ ನಂಜನಗೂಡಿಗೆ ಕಾಯಿಲೆಗೆ ಹರಕೆ ಹೊತ್ತವರು ಬರುವ ರೂಢಿ ಆ ಸೀಮೆಯ ಯಾವ ಆಸ್ಪತ್ರೆಗಿಂತಲೂ ಹಳೆಯದು. ಇಲ್ಲಿನ ಶ್ರೀಕಂಠೇಶ್ವರ ಅಥವಾ ನಂಜುಂಡೇಶ್ವರ ಹಾಲಾಹಲ ಕುಡಿದ ದೇವರು. ವಿಷವನ್ನೇ ಗಂಟಲಲ್ಲಿ ತಡೆದವನಿಗೆ ಮನುಷ್ಯರ ರೋಗ ಯಾವ ಲೆಕ್ಕ ಎಂಬ ನಂಬಿಕೆಯಿಂದ ಜನ ಅವನನ್ನು ವೈದ್ಯನೆಂದೇ ಕರೆದರು. ಕಾಯಿಲೆ ಬಿದ್ದವರು ಮನೆಯಲ್ಲೇ ಹರಕೆ ಹೊರುತ್ತಿದ್ದರು. ಗುಣವಾದ ಮೇಲೆ ಇಲ್ಲಿಗೆ ಬಂದು, ನದಿಯಲ್ಲಿ ಮಿಂದು, ಒದ್ದೆ ಬಟ್ಟೆಯಲ್ಲೇ ಉರುಳು ಸೇವೆ ಮಾಡಿ, ಮುಡಿ ಕೊಟ್ಟು, ಅನುಕೂಲವಿದ್ದವರು ತುಲಾಭಾರ ಮಾಡಿಸಿ ಹೋಗುತ್ತಿದ್ದರು. ದೇವರಿಗೆ ಸಲ್ಲುವ ನೈವೇದ್ಯವೂ ಮದ್ದಿನಂಥದ್ದೇ. ಒಣಶುಂಠಿ, ಸಕ್ಕರೆ, ಬೆಣ್ಣೆ ಸೇರಿಸಿ ಮಾಡುವ ಅದಕ್ಕೆ ಸುಗಂಧಿತ ಸಕ್ಕರೆ ಎಂದು ಹೆಸರು. ವಿಷ ಕುಡಿದ ದೇವರಿಗೇ ಶಮನ ಬೇಕೆಂಬ ಭಾವ ಅದರ ಹಿಂದಿದೆ.

ಊರಿನ ಹೆಸರು ದೂರದೂರಕ್ಕೆ ಹೋದದ್ದು ಈ ಹರಕೆಯ ಪದ್ಧತಿಯಿಂದಲೇ. ಹೊತ್ತ ಹರಕೆ ತೀರಿಸಲು ಬಂದೇ ಬರಬೇಕು, ಬರುವಾಗ ನಾಲ್ಕು ಜನರಿಗೆ ಕಾರಣ ಹೇಳಬೇಕು, ಹೋಗುವಾಗ ಪ್ರಸಾದ ಹಂಚಬೇಕು. ಗುಣ ಕಾಣದವರು ಹರಕೆ ತೀರಿಸಲು ಬರುತ್ತಿರಲಿಲ್ಲವಾದ್ದರಿಂದ ಅವರ ಕಥೆ ಹರಡಲಿಲ್ಲ. ಆಸ್ಪತ್ರೆಗಳ ಇಂದಿನ ಜಾಹೀರಾತಿನಲ್ಲೂ ಮಾತಾಡುವುದು ವಾಸಿಯಾದವರೇ.

ಇಂಥ ಕಥೆಗಳಲ್ಲಿ ಎಲ್ಲಕ್ಕಿಂತ ಹೆಸರಾದದ್ದು ಟಿಪ್ಪು ಸುಲ್ತಾನನ ಆನೆಯದು. ಪಟ್ಟದಾನೆಗೆ ಕಣ್ಣಿನ ಬೇನೆ ಬಂದು ದೃಷ್ಟಿ ಹೋಯಿತೆಂದೂ, ನಂಜುಂಡೇಶ್ವರನಿಗೆ ಒಂದು ಮಂಡಲ ಪೂಜೆ ಮಾಡಿಸಿದ ಮೇಲೆ ಅದು ಮರಳಿತೆಂದೂ, ಸುಲ್ತಾನ ಪಚ್ಚೆಯ ಲಿಂಗವನ್ನು ಒಪ್ಪಿಸಿ ದೇವರನ್ನು ‘ಹಕೀಮ ನಂಜುಂಡ’ ಎಂದು ಕರೆದನೆಂದೂ ಐತಿಹ್ಯ ಹೇಳುತ್ತದೆ. ಪಚ್ಚೆ ಲಿಂಗಕ್ಕೆ ದೇವಾಲಯದಲ್ಲಿ ಇಂದಿಗೂ ಪೂಜೆ ಸಲ್ಲುತ್ತದೆ. ಆನೆಯ ಕಣ್ಣಿನ ವಿಚಾರ ಭಕ್ತಿಗೆ ಸೇರಿದ್ದು. ಇತಿಹಾಸಕ್ಕೆ ಬೇಕಾದದ್ದು, ಬೇರೆ ಧರ್ಮದ ದೊರೆಯೊಬ್ಬ ಈ ವೈದ್ಯನಿಗೆ ಸಾಕ್ಷಿ ನಿಂತನೆಂದು ಜನ ಇನ್ನೂರು ವರ್ಷಗಳಿಂದ ಹೇಳಿಕೊಂಡು ಬಂದಿರುವುದು.

ಟಿಪ್ಪುವಿನ ನಂತರ ದಿವಾನ್ ಪೂರ್ಣಯ್ಯನೂ ಮುಮ್ಮಡಿ ಕೃಷ್ಣರಾಜ ಒಡೆಯರೂ ದೇವಾಲಯವನ್ನು ಬೆಳೆಸಿದರು. ಈಗ ದೂರದಿಂದಲೇ ಕಾಣುವ ಏಳು ನೆಲೆಯ ಗೋಪುರ 1845ರದು. ಸುಮಾರು 385 ಅಡಿ ಉದ್ದ, 160 ಅಡಿ ಅಗಲದ ಗುಡಿ ರಾಜ್ಯದ ದೊಡ್ಡ ದೇವಾಲಯಗಳಲ್ಲೊಂದು. ದಾರಿಯೂ ಸುಲಭವಾಗುತ್ತ ಬಂತು. 1735ರಲ್ಲಿ ದಳವಾಯಿ ದೇವರಾಜಯ್ಯ ಕಟ್ಟಿಸಿದ ಸೇತುವೆಯ ಮೇಲೆ ಗಾಡಿಗಳು ಓಡಾಡುತ್ತಿದ್ದವು. ಹತ್ತೊಂಬತ್ತನೇ ಶತಮಾನದ ಕೊನೆಗೆ ಅದೇ ಸೇತುವೆಯ ಮೇಲೆ ರೈಲೂ ಬಂತು. ಐದು ತೇರುಗಳ ದೊಡ್ಡ ಜಾತ್ರೆಗೆ ಬರುವವರಿಗೆ ಮೈಸೂರಿನಿಂದ ಒಂದು ದಿನದಲ್ಲಿ ಹೋಗಿ ಬರುವ ಅನುಕೂಲವಾಯಿತು.

ಅದುವರೆಗೆ ಹರಕೆ ಹೊತ್ತವರು ಊರಿಗೆ ಬರಬೇಕಿತ್ತು. 1913ರಲ್ಲಿ ಬಿ. ವಿ. ಪಂಡಿತರು ನಂಜನಗೂಡಿನಲ್ಲಿ ಸದ್ವೈದ್ಯಶಾಲೆ ತೆರೆದ ಮೇಲೆ ಊರೇ ಪೊಟ್ಟಣದೊಳಗೆ ಕೂತು ಮನೆಮನೆಗೆ ಹೋಯಿತು. ಆಯುರ್ವೇದದ ಲೇಹ್ಯ, ಚೂರ್ಣ, ತೈಲಗಳನ್ನು ತಯಾರಿಸಿದ ಈ ಸಂಸ್ಥೆಗೆ ಹೆಸರು ತಂದದ್ದು ಮಾತ್ರ ಹಲ್ಲುಪುಡಿ. ಕನ್ನಡ ನಾಡಿನ ಬಚ್ಚಲುಮನೆಗಳಲ್ಲಿ ಗುಲಾಬಿ ಬಣ್ಣದ ಆ ಪುಡಿಯನ್ನು ಅಂಗೈಗೆ ಸುರಿದುಕೊಂಡು ತೋರುಬೆರಳಲ್ಲಿ ಹಲ್ಲುಜ್ಜಿದ ತಲೆಮಾರುಗಳಿವೆ. ಅವರಲ್ಲಿ ಎಷ್ಟೋ ಮಂದಿ ನಂಜನಗೂಡನ್ನು ಕಂಡವರಲ್ಲ. ದೇವರ ವೈದ್ಯಕೀರ್ತಿ ಮೊದಲೇ ಇದ್ದ ಊರಿನ ಹೆಸರು ಪೊಟ್ಟಣದ ಮೇಲಿರುವಾಗ ವ್ಯಾಪಾರಕ್ಕೆ ಬೇರೆ ಶಿಫಾರಸು ಬೇಕಿರಲಿಲ್ಲ. ಟೂತ್‌ಪೇಸ್ಟಿನ ಕಾಲ ಬಂದು ಪುಡಿ ಹಿಂದೆ ಸರಿದರೂ ‘ನಂಜನಗೂಡು ಹಲ್ಲುಪುಡಿ’ ಎಂಬ ಜೋಡಿ ಮಾತು ಉಳಿದುಕೊಂಡಿದೆ.

ಇದೇ ಹೊತ್ತಿಗೆ ಮೈಸೂರು ಅರಮನೆ ವೈದ್ಯಕ್ಕೆ ಸಂಸ್ಥೆಗಳ ರೂಪ ಕೊಡುತ್ತಿತ್ತು. 1908ರಲ್ಲಿ ಆಯುರ್ವೇದ ಕಾಲೇಜು ಆರಂಭವಾಯಿತು. 1924ರಲ್ಲಿ ಬೆಂಗಳೂರಿನಲ್ಲಿ ಶುರುವಾದ ವೈದ್ಯಕೀಯ ಕಾಲೇಜು 1930ರಲ್ಲಿ ಮೈಸೂರಿಗೆ ಬಂತು. ಇವೆಲ್ಲ ಪ್ರಜೆಗಳಿಗಾಗಿ ಮಾಡಿದ್ದು, ಪರದೇಶದವರನ್ನು ಕರೆಯಲೆಂದಲ್ಲ. ಪರದೇಶದವರು ಬರತೊಡಗಿದ್ದು ಯೋಗದಿಂದ, ಅದೂ ಯಾರೂ ಯೋಜನೆ ಹಾಕದೆ.

ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸತೊಡಗಿದರು. ಅವರ ‘ಯೋಗ ಮಕರಂದ’ ಮರುವರ್ಷ ಕನ್ನಡದಲ್ಲೇ ಅಚ್ಚಾಯಿತು. ಮಹಾರಾಜರ ಖರ್ಚಿನಲ್ಲಿ ಶಿಷ್ಯರನ್ನು ಕರೆದುಕೊಂಡು ಊರೂರಲ್ಲಿ ಆಸನಗಳ ಪ್ರದರ್ಶನ ಕೊಟ್ಟದ್ದೂ ಉಂಟು. ಲಾಟ್ವಿಯದ ರಿಗಾದಲ್ಲಿ ಹುಟ್ಟಿದ, ಮುಂದೆ ಇಂದ್ರಾದೇವಿ ಎಂದು ಹೆಸರಾದ ಮಹಿಳೆ 1930ರ ದಶಕದ ಕೊನೆಗೆ ಇಲ್ಲಿ ಕಲಿಯಲು ಬಂದಾಗ ಆಚಾರ್ಯರು ಮೊದಲು ಒಪ್ಪಲಿಲ್ಲ, ಮಹಾರಾಜರು ಹೇಳಿದ ಮೇಲೆ ಸೇರಿಸಿಕೊಂಡರು. ಆಕೆ 1940ರ ದಶಕದ ಕೊನೆಗೆ ಹಾಲಿವುಡ್‌ನಲ್ಲಿ ಯೋಗಶಾಲೆ ತೆರೆದರು. ಅರಮನೆಯ ಶಾಲೆಯೋ ರಾಜಾಡಳಿತ ಹೋದ ಮೇಲೆ 1950ರಲ್ಲಿ ಮುಚ್ಚಿತು.

ಶಾಲೆ ಮುಚ್ಚಿದರೂ ಅಲ್ಲಿ ಕಲಿತ ಕೆ. ಪಟ್ಟಾಭಿ ಜೋಯಿಸರು ಲಕ್ಷ್ಮೀಪುರಂನ ತಮ್ಮ ಮನೆಯಲ್ಲಿ 1948ರಿಂದಲೇ ಪಾಠ ಹೇಳುತ್ತಿದ್ದರು. 1964ರಲ್ಲಿ ಬೆಲ್ಜಿಯಂನ ಆಂದ್ರೆ ವಾನ್ ಲೀಸೆಬೆತ್ ಅವರಲ್ಲಿ ಕಲಿತು ಹೋಗಿ, ತನ್ನ ಪುಸ್ತಕದಲ್ಲಿ ಜೋಯಿಸರ ಹೆಸರು ವಿಳಾಸ ಕೊಟ್ಟ. ಮೈಸೂರನ್ನು ಯುರೋಪಿಗೆ ಪರಿಚಯಿಸಿದ ಬಲವಾದ ಜಾಹೀರಾತು ಆ ಒಂದು ವಿಳಾಸ ಎಂದರೆ ಹೆಚ್ಚಾಗದು. ಅದಕ್ಕೆ ಸರ್ಕಾರದ ಒಂದು ಕಾಸೂ ಖರ್ಚಾಗಿಲ್ಲ. 1970ರ ದಶಕದಲ್ಲಿ ಅಮೆರಿಕದವರು ಬಂದರು, 1975ರಲ್ಲಿ ಜೋಯಿಸರೇ ಕ್ಯಾಲಿಫೋರ್ನಿಯಾಕ್ಕೆ ಹೋಗಿ ಕಲಿಸಿದರು. 2002ರಲ್ಲಿ ಶಾಲೆ ಗೋಕುಲಂಗೆ ಬಂದ ಮೇಲೆ ಆ ಬಡಾವಣೆಯ ಬದುಕೇ ಬೇರೆಯಾಯಿತು. ಮಹಡಿ ಮೇಲಿನ ಕೋಣೆಗಳು ತಿಂಗಳ ಬಾಡಿಗೆಗೆ ಹೋದವು. ಬೆಳಕು ಹರಿಯುವ ಮುಂಚೆ ಸ್ಕೂಟರಿನಲ್ಲಿ ಶಾಲೆಗೆ ಹೋದವರು ಪಾಠ ಮುಗಿಸಿ ಎಳನೀರಿನವನ ಮುಂದೆ ಗುಂಪುಗೂಡುವುದು ಅಲ್ಲಿನ ದಿನನಿತ್ಯದ ನೋಟವಾಯಿತು. ಯೋಗಕ್ಕೆ ಬಂದವರನ್ನು ನಂಬಿ ಆಯುರ್ವೇದದ ಪಂಚಕರ್ಮ ಚಿಕಿತ್ಸೆಯ ಕೇಂದ್ರಗಳೂ ತಲೆಯೆತ್ತಿದವು.

ಶಸ್ತ್ರಚಿಕಿತ್ಸೆಗೆ ಬರುವ ವಿದೇಶಿ ರೋಗಿಗಳ ಮಾರುಕಟ್ಟೆ ಬೇರೆಯೇ. ಅದರ ಕೇಂದ್ರ ಬೆಂಗಳೂರು. 2003ರಲ್ಲಿ ಪಾಕಿಸ್ತಾನದ ಪುಟ್ಟ ಮಗು ನೂರ್ ಫಾತಿಮಾ, ಆಗಷ್ಟೇ ಮತ್ತೆ ಶುರುವಾಗಿದ್ದ ಲಾಹೋರ್–ದಿಲ್ಲಿ ಬಸ್ಸಿನಲ್ಲಿ ಬಂದು, ನಾರಾಯಣ ಹೃದಯಾಲಯದಲ್ಲಿ ಹೃದಯದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಹೋದಾಗ ಎರಡೂ ದೇಶದ ಪತ್ರಿಕೆಗಳು ಅದನ್ನೇ ಬರೆದವು. ಈ ವ್ಯವಹಾರದಲ್ಲಿ ರೋಗಿ ತನ್ನ ಸ್ಕ್ಯಾನು, ವರದಿಗಳನ್ನು ಮೊದಲೇ ಕಳಿಸುತ್ತಾನೆ, ಆಸ್ಪತ್ರೆ ಅಂದಾಜು ಖರ್ಚು ತಿಳಿಸಿ ಪತ್ರ ಕೊಡುತ್ತದೆ, ಆ ಪತ್ರದ ಮೇಲೆ ವೀಸಾ ಸಿಗುತ್ತದೆ. ಮೆಡಿಕಲ್ ವೀಸಾದವರ ಜೊತೆ ಇಬ್ಬರು ಬರಬಹುದು. ನಡುವೆ ದುಭಾಷಿ, ವಸತಿ, ಟ್ಯಾಕ್ಸಿ ಹೊಂದಿಸುವ ಏಜೆಂಟರಿರುತ್ತಾರೆ. ನಂಜನಗೂಡು ತಾಲ್ಲೂಕಿನ ಸುತ್ತೂರು ಮಠದ ಜೆಎಸ್ಎಸ್ ಮಹಾವಿದ್ಯಾಪೀಠ 1984ರಲ್ಲಿ ವೈದ್ಯಕೀಯ ಕಾಲೇಜು ತೆರೆದ ಮೇಲೆ ಮೈಸೂರಿನಲ್ಲೂ ದೊಡ್ಡ ಆಸ್ಪತ್ರೆ ಬೆಳೆಯಿತು. ಆದರೆ ವಿದೇಶದಿಂದ ಬರುವವರು ಇಂದಿಗೂ ಇಳಿಯುವುದು ಬೆಂಗಳೂರಿನ ದೇವನಹಳ್ಳಿ ವಿಮಾನ ನಿಲ್ದಾಣದಲ್ಲಿ. ನಂಜನಗೂಡು ರಸ್ತೆಯ ಮಂಡಕಳ್ಳಿ ವಿಮಾನ ನಿಲ್ದಾಣ ದೇಶದೊಳಗಿನ ಸಣ್ಣ ವಿಮಾನಗಳಿಗಷ್ಟೇ ಸಾಲುತ್ತದೆ.

ಮದ್ದಿನ ಸಾಗಣೆಯಲ್ಲಿ ಮಾತ್ರ ನಂಜನಗೂಡು ಹಿಂದೆ ಬಿದ್ದಿಲ್ಲ. ಒಂದು ಕಾಲದಲ್ಲಿ ಹಲ್ಲುಪುಡಿ ಹೊರಟ ತಾಲ್ಲೂಕಿನಲ್ಲಿ ಈಗ ತಾಂಡ್ಯ ಮೊದಲಾದ ಕೈಗಾರಿಕಾ ಪ್ರದೇಶಗಳಿವೆ. ಇಲ್ಲಿ ತಯಾರಾದ ಔಷಧದ ಮೂಲದ್ರವ್ಯ ವಿದೇಶಗಳಿಗೆ ಹೋಗುತ್ತದೆ. 2020ರ ಮಾರ್ಚ್‌ನಲ್ಲಿ ಇಂಥದೇ ಒಂದು ಕಾರ್ಖಾನೆಯ ಕೆಲಸಗಾರರಲ್ಲಿ ಕೊರೋನಾ ಹರಡಿ ಊರಿನ ಹೆಸರು ವಾರಗಟ್ಟಲೆ ರೋಗದ ಸುದ್ದಿಯಲ್ಲಿತ್ತು. ವೈದ್ಯನ ಊರಿಗೆ ಇಂಥ ಪ್ರಚಾರ ಹಿಂದೆ ಸಿಕ್ಕಿರಲಾರದು.

ಸರ್ಕಾರಗಳು ಈ ಹೆಸರುಗಳನ್ನು ಮಾರಲು ಹೊರಟದ್ದು ತೀರ ಈಚೆಗೆ. ಪಕ್ಕದ ಟಿ. ನರಸೀಪುರದ ತ್ರಿವೇಣಿ ಸಂಗಮದಲ್ಲಿ 1989ರಿಂದ ಮೂರು ವರ್ಷಕ್ಕೊಮ್ಮೆ ಕುಂಭಮೇಳ ನಡೆದು ಬಂದಿದೆ, ಆದರೆ ಅದರ ಜನ ಬಹುಪಾಲು ನಾಡಿನೊಳಗಿನವರು. ವಿದೇಶಿಯರನ್ನು ಉದ್ದೇಶಿಸಿದ ಪ್ರಚಾರ ಯೋಗವನ್ನು ಹಿಡಿಯಿತು. 2022ರ ಜೂನ್ 21ರಂದು ಪ್ರಧಾನಿ ನರೇಂದ್ರ ಮೋದಿ ಅಂತರರಾಷ್ಟ್ರೀಯ ಯೋಗ ದಿನವನ್ನು ಮೈಸೂರು ಅರಮನೆಯ ಮುಂದೆ ಆಚರಿಸಿದರು. ಆಯುರ್ವೇದ, ಯೋಗದಂಥ ಪದ್ಧತಿಗಳ ಚಿಕಿತ್ಸೆಗೆಂದೇ ಬರುವ ವಿದೇಶಿಯರಿಗೆ ಕೇಂದ್ರ ಸರ್ಕಾರ 2023ರ ಜುಲೈನಲ್ಲಿ ಪ್ರತ್ಯೇಕ ಆಯುಷ್ ವೀಸಾ ತಂದಿತು. ಅದುವರೆಗೆ ಪ್ರವಾಸಿ ಎಂದು ಬರೆಸಿಕೊಂಡು ಪಂಚಕರ್ಮಕ್ಕೆ ಬರುತ್ತಿದ್ದವರು ಈಗ ಅರ್ಜಿಯಲ್ಲಿ ಚಿಕಿತ್ಸೆಯೆಂದೇ ಕಾರಣ ಕಾಣಿಸಬಹುದು.