ಬಾರ್ಕೂರು ಸೀಮೆಯ ರೇಖೆ ಮತ್ತು ಶಾಮೀಲು

ಆಳುಪರ ರಾಜಧಾನಿಯಾಗಿಯೂ, ವಿಜಯನಗರದ ಕಾಲದಲ್ಲಿ ಬಾರಕೂರು ರಾಜ್ಯದ ಮುಖ್ಯಪಟ್ಟಣವಾಗಿಯೂ ಮೆರೆದ ಈ ಊರಿನ ಕೋಟೆಕೇರಿ, ಚೌಳಿಕೇರಿಗಳಲ್ಲಿ ಸಂಚರಿಸುವವರು ದೇವಾಲಯಗಳ ಶಿಲ್ಪವನ್ನು ಕಂಡು ಬೆರಗಾಗುತ್ತಾರೆ; ಆ ವೈಭವವನ್ನೆಲ್ಲ ಹೊತ್ತ ಗದ್ದೆಗಳ ಲೆಕ್ಕವನ್ನು ವಿಚಾರಿಸುವವರು ವಿರಳ.

1799ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕಲೆಕ್ಟರಾಗಿ ಕನ್ನಡ ಜಿಲ್ಲೆಗೆ ಬಂದ ಥಾಮಸ್ ಮನ್ರೋ ಹಳೆಯ ಲೆಕ್ಕಪತ್ರಗಳನ್ನು ಶೋಧಿಸಿ ಬರೆದಿಟ್ಟಂತೆ, ವಿಜಯನಗರದ ಹರಿಹರರಾಯನ ಕಾಲದ ಕ್ರಮದಲ್ಲಿ 30 ಪಾಲು ಬೆಳೆಯೊಳಗೆ 15 ಪಾಲು ಗೇಯುವವನಿಗೂ, ಏಳೂವರೆ ಭೂಮಿಯ ಒಡೆಯನಿಗೂ, 5 ಅರಸನಿಗೂ, ಒಂದೂವರೆ ಬ್ರಾಹ್ಮಣರಿಗೂ, 1 ದೇವರಿಗೂ ಸಲ್ಲುತ್ತಿದ್ದಿತು. ಈ ಮೂಲ ಕಂದಾಯವೇ ರೇಖೆ. ಇಕ್ಕೇರಿಯ ಅರಸರು ಅದರ ಮೇಲೆ ಅರ್ಧದಷ್ಟನ್ನು ಏರಿಸಿದರು.

ಆದರೆ 1763ರಲ್ಲಿ ಆ ಅರಸರ ರಾಜಧಾನಿ ಬಿದನೂರನ್ನು ಗೆದ್ದ ಹೈದರನಿಗೆ ಈ ಕರಾವಳಿಯು ಅನ್ಯ ದಿಕ್ಕುಗಳ ದಂಡಯಾತ್ರೆಗಳಿಗೆ ಮಿತಿಯಿಲ್ಲದೆ ಹಣ ಸೆಳೆಯುವ ನಿಧಿಯಾಯಿತೆಂದು ಮನ್ರೋ ಹೇಳುತ್ತಾನೆ. ಶಾಮೀಲೆಂಬ ಹೆಚ್ಚಳವು ರೇಖೆಗೆ ಸೇರಿತು. ಟಿಪ್ಪುವಿನ ಕಾಲದಲ್ಲಿ ಅದು ಇನ್ನೂ ಬೆಳೆಯಿತು. ಕಂಪನಿಯೊಡನೆ ಯುದ್ಧದಲ್ಲಿ ಸೋತು, 1792ರ ಶ್ರೀರಂಗಪಟ್ಟಣದ ಒಪ್ಪಂದದಂತೆ ಅವನು 3 ಕೋಟಿ 30 ಲಕ್ಷ ರೂಪಾಯಿಗಳನ್ನು ತೆರಬೇಕಾಯಿತು. ಹೀಗೆ ತೆರಿಗೆಯ ಭಾರ ಬೆಳೆದಂತೆ ಗದ್ದೆಗಳು ಹಡಿಲು ಬಿದ್ದವು.

ಯುದ್ಧ ಮುಗಿದರೂ ಯುದ್ಧಕಾಲದ ತೆರಿಗೆಯು ಮುಗಿಯಲಿಲ್ಲವೆಂಬುದೇ ನನಗೆ ಅತ್ಯಂತ ಶೋಚನೀಯವಾಗಿ ತೋರುತ್ತದೆ. ಮನ್ರೋ ಅಲ್ಲಲ್ಲಿ ರಿಯಾಯಿತಿ ಕೊಟ್ಟನಾದರೂ, ಶಾಮೀಲಿನ ಬಹುಭಾಗವನ್ನು ಕಂಪನಿಯ ಬೊಕ್ಕಸಕ್ಕೇ ಉಳಿಸಿಕೊಂಡನು. ಧಾನ್ಯದ ಬೆಲೆ ಕುಸಿದಾಗ ಆ ಹೊರೆಯನ್ನು ತಾಳಲಾರದೆ, 1830-31ರಲ್ಲಿ ಜಿಲ್ಲೆಯ ರೈತರು ಕೂಟ ಕಟ್ಟಿ, ಕಂದಾಯ ಕೊಡುವುದಿಲ್ಲವೆಂದು ನಿಂತರು.