ಮೊದಲ ಆಂಡ್ರಾಯ್ಡ್ ಫೋನಿಗೆ ಗದ್ದ ಇತ್ತು

ಪರದೆಯನ್ನು ಮೇಲಿನಿಂದ ಕೆಳಕ್ಕೆ ಎಳೆದರೆ ಬಂದ ಮೆಸೇಜು, ಮಿಸ್ಡ್ ಕಾಲು ಎಲ್ಲ ಸಾಲಾಗಿ ಕಾಣುತ್ತವಲ್ಲ, ಆ ಸೌಕರ್ಯ 2008ರಲ್ಲಿ ಮಾರಾಟಕ್ಕೆ ಬಂದ ಒಂದು ಫೋನಿನಲ್ಲೇ ಇತ್ತು. ತೈವಾನಿನ ಎಚ್‌ಟಿಸಿ ಕಂಪನಿ ತಯಾರಿಸಿದ 'ಡ್ರೀಮ್' ಅದು. ಅಮೆರಿಕದಲ್ಲಿ ಟಿ-ಮೊಬೈಲ್ ಕಂಪನಿ ಅದನ್ನು 'ಜಿ1' ಎಂಬ ಹೆಸರಲ್ಲಿ, ಎರಡು ವರ್ಷದ ಕರಾರಿನ ಮೇಲೆ, 179 ಡಾಲರಿಗೆ ಮಾರಿತು. ಅಂಗಡಿಗೆ ಬಂದ ಮೊದಲ ಆಂಡ್ರಾಯ್ಡ್ ಫೋನ್ ಅದೇ. ನಮ್ಮೂರ ಬಸ್‌ಸ್ಟ್ಯಾಂಡಿನಲ್ಲಿ ನಿಂತು ನೋಡಿದರೆ ಹತ್ತರಲ್ಲಿ ಒಂಬತ್ತು ಕೈಯಲ್ಲಿ ಇರುವುದು ಅದರ ಮೊಮ್ಮಕ್ಕಳೇ.

ಗೂಗಲ್ 2005ರಲ್ಲಿ ಆಂಡ್ರಾಯ್ಡ್ ಎಂಬ ಸಣ್ಣ ಕಂಪನಿಯನ್ನು ಕೊಂಡಿತ್ತು. ಮೊದಲು ಅವರು ಕೈಹಾಕಿದ್ದು ಗುಂಡಿಗಳಿದ್ದ, ಟಚ್ ಇಲ್ಲದ ಫೋನಿಗೆ. 2007ರ ಜನವರಿಯಲ್ಲಿ ಆಪಲ್ ಐಫೋನ್ ತೋರಿಸಿತು ನೋಡಿ, ಅದನ್ನು ಪಕ್ಕಕ್ಕಿಟ್ಟು ಟಚ್ ಪರದೆಯ ಡ್ರೀಮ್‌ಗೆ ಜೋರು ಕೊಟ್ಟರು.

ಆ ಅವಸರ ಫೋನಿನ ಮೈಮೇಲೇ ಕಾಣುತ್ತಿತ್ತು ಅನ್ನುವುದು ನನ್ನ ಅನಿಸಿಕೆ. ಕೆಳತುದಿ ಗದ್ದದ ಹಾಗೆ ಮುಂದಕ್ಕೆ ಚಾಚಿತ್ತು. ಅದರ ಮೇಲೆ ಉರುಳಿಸುವ ಒಂದು ಪುಟ್ಟ ಗೋಲಿ, ಸುತ್ತ ಗುಂಡಿಗಳು. ಪರದೆಯನ್ನು ಪಕ್ಕಕ್ಕೆ ಜಾರಿಸಿದರೆ ಅಡಿಯಲ್ಲಿ ಪೂರ್ತಿ ಕೀಬೋರ್ಡು. ಟೈಪ್ ಮಾಡುವವರಿಗೆ ಅದು ಹಬ್ಬ. ಆದರೆ ಪರದೆಯ ಮೇಲೆ ಕೀಬೋರ್ಡೇ ಇರಲಿಲ್ಲ! 'ಓಕೆ' ಅಂತ ಎರಡಕ್ಷರ ಕಳಿಸಲೂ ಫೋನನ್ನು ಅಡ್ಡ ಹಿಡಿದು ಜಾರಿಸಬೇಕು. 2009ರಲ್ಲಿ 1.5 ಅಪ್‌ಡೇಟ್ ಬರುವವರೆಗೂ ಇದೇ ಪಾಡು. ವಿಡಿಯೋ ತೆಗೆಯುವ ಸೌಲಭ್ಯ ಬಂದದ್ದೂ ಅದರಲ್ಲೇ. ಮಾಮೂಲಿ ಇಯರ್‌ಫೋನ್ ಚುಚ್ಚಲು ತೂತಿಲ್ಲ. 1150 ಎಂಎಎಚ್ ಬ್ಯಾಟರಿ; ಬಿಚ್ಚಿ ಬೇರೆ ಹಾಕಬಹುದಿತ್ತು ಅನ್ನುವುದೊಂದೇ ಸಮಾಧಾನ.

ಶುರುವಿನಲ್ಲಿ ಒಂದು ತಮಾಷೆಯ ದೋಷವೂ ಇತ್ತು. ನೀವು ಒತ್ತುವ ಅಕ್ಷರಗಳೆಲ್ಲ ಫೋನಿಗೆ ಹುಕುಂ ಕೊಡುವ ಒಳಗಿನ ಒಂದು ಗುಪ್ತ ಜಾಗಕ್ಕೂ ಹೋಗುತ್ತಿದ್ದವು. ಗೆಳೆಯನಿಗೆ ಕಳಿಸಲು 'ರೀಬೂಟ್' ಅಂತ ಇಂಗ್ಲಿಷಿನಲ್ಲಿ ಬರೆದು ಎಂಟರ್ ಒತ್ತಿದರೆ ಫೋನೇ ಆಫ್ ಆಗಿ ಮತ್ತೆ ಆನ್ ಆಗುತ್ತಿತ್ತು. ಯಾರೂ ಸರ್ವೀಸ್ ಸೆಂಟರಿಗೆ ಹೋಗಬೇಕಾಗಲಿಲ್ಲ. ಕಂಪ್ಯೂಟರಿನ ವೈರೂ ಬೇಡ, ನೆಟ್‌ವರ್ಕಿನಲ್ಲೇ ಅಪ್‌ಡೇಟ್ ಬಂದು ಸರಿಹೋಯಿತು. ಆಗ ಇದು ದೊಡ್ಡ ಸಂಗತಿ. ಕಾಪಿ-ಪೇಸ್ಟ್ ಕೂಡ ಇದರಲ್ಲಿ ಮೊದಲಿಂದಲೇ ಇತ್ತು. ಐಫೋನಿಗೆ ಅದು ಬಂದದ್ದು 2009ರಲ್ಲಿ.

ನಿಜವಾದ ಪೆಟ್ಟು ಬಿದ್ದದ್ದು ಜಾಗದ ವಿಷಯದಲ್ಲಿ. ಒಳಗಿದ್ದ ಮೆಮೊರಿ 256 ಎಂಬಿ. ಅದರಲ್ಲಿ ಆ್ಯಪ್‌ಗಳಿಗೆ ಉಳಿಯುತ್ತಿದ್ದದ್ದು ಸುಮಾರು 70 ಎಂಬಿ. ಮೆಮೊರಿ ಕಾರ್ಡು ಹಾಕಬಹುದಿತ್ತು, ಆದರೆ ಆ್ಯಪ್‌ಗಳನ್ನು ಅದಕ್ಕೆ ಸಾಗಿಸುವ ದಾರಿ ಇರಲಿಲ್ಲ. ಇವತ್ತು ಗುಡ್ ಮಾರ್ನಿಂಗ್ ಫೋಟೋಗಳಿಂದಲೇ 'ಸ್ಟೋರೇಜ್ ಫುಲ್' ಅನ್ನಿಸಿಕೊಳ್ಳುವ ನಮಗೆ ಆ ಸಂಕಟ ಅರ್ಥವಾದೀತು. ಇಷ್ಟು ಇಕ್ಕಟ್ಟಿನಲ್ಲಿ ಹೊಸ ಆವೃತ್ತಿಗಳು ಹಿಡಿಸದೆ, ಕಂಪನಿಯ ಅಪ್‌ಡೇಟ್ 1.6ಕ್ಕೇ ನಿಂತಿತು.

ಆದರೆ ಆಂಡ್ರಾಯ್ಡಿನ ಮೂಲ ಬರಹವನ್ನು, ಅಂದರೆ ಅದರ ಕೋಡನ್ನು, ಗೂಗಲ್ 2008ರ ಅಕ್ಟೋಬರಿನಲ್ಲೇ ಎಲ್ಲರಿಗೂ ಬಿಟ್ಟುಕೊಟ್ಟಿತ್ತು. ಅದನ್ನು ಹಿಡಿದು ಹವ್ಯಾಸಿಗಳು ಹೊಸ ಆವೃತ್ತಿಗಳನ್ನು ಕತ್ತರಿಸಿ, ಒತ್ತರಿಸಿ ಇದೇ ಹಳೇ ಫೋನಿಗೆ ತುಂಬಿದರು. ಸ್ಟೀವ್ ಕೊಂಡಿಕ್ ಆರಂಭಿಸಿದ ಸೈನೋಜೆನ್‌ಮಾಡ್ ಹುಟ್ಟಿದ್ದು ಡ್ರೀಮ್ ಮೇಲೆಯೇ. ಅದೇ ಕೋಡನ್ನು ಬಳಸಿ ಬೇರೆ ಬೇರೆ ಕಂಪನಿಗಳು ಫೋನು ಮಾಡಿದವು, ಬೆಲೆ ಇಳಿಯುತ್ತಾ ಬಂತು.

ಒಂದು ಕೊರತೆ ಮಾತ್ರ ಅಮೆರಿಕದವರ ಲೆಕ್ಕಕ್ಕೆ ಬರಲೇ ಇಲ್ಲ. ಡ್ರೀಮ್‌ನಲ್ಲಿ ಕನ್ನಡದ ಫಾಂಟ್ ಇರಲಿಲ್ಲ, ಕನ್ನಡ ತೆರೆದರೆ ಕಾಣುತ್ತಿದ್ದದ್ದು ಖಾಲಿ ಚೌಕಗಳು. ಆಮೇಲೆ ಇಲ್ಲಿಗೆ ಬಂದ ಎಷ್ಟೋ ಆಂಡ್ರಾಯ್ಡ್ ಫೋನುಗಳಿಗೂ ಅದೇ ಚೌಕಗಳು ಅಂಟಿಕೊಂಡು ಬಂದವು. 'ಊಟ ಆಯ್ತಾ' ಅನ್ನುವುದನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ರೂಢಿ ಆ ದಿನಗಳಲ್ಲಿ ಇನ್ನೂ ಗಟ್ಟಿಯಾಯಿತು. ಆಂಡ್ರಾಯ್ಡ್ ಕನ್ನಡವನ್ನು ತಾನಾಗಿಯೇ ತೋರಿಸಲು ಕಲಿತದ್ದು 2012ರ 4.1 ಆವೃತ್ತಿಯಲ್ಲಿ, ತೆಲುಗು ಮಲಯಾಳಂ ಜೊತೆಗೆ. ಆ ಹೊತ್ತಿಗೆ ಡ್ರೀಮ್ ಅಂಗಡಿಗಳಿಂದ ಮರೆಯಾಗಿತ್ತು.